ಅಸಲಿ ಹಾಡುಗಾರ ಯಾರು?



ರಾಕ್ ಸಂಗೀತವೆಂದರೆ ಗದ್ದಲ, ಉದ್ದ ಕೂದಲು, ಹರಿದ ಜೀನ್ಸ್ ಎಂದು ನಮ್ಮ ಅನೇಕ ಹಿರಿಯರ ಭಾವನೆ. ಅದನ್ನು ಕೇಳುವ ಹುಡುಗರ ಜಗಳವೇ ಬೇರೆ. ಈತ ಅಸಲಿ, ಆತ ನಕಲಿ, ಇನ್ನೊಬ್ಬ ದುಡ್ಡಿಗೆ ತನ್ನನ್ನು ಮಾರಿಕೊಂಡವನು ಎಂದು ಅವರು ಗಂಟೆಗಟ್ಟಲೆ ವಾದಿಸುತ್ತಾರೆ. ಈ 'ಅಸಲಿ' ಎಂಬ ಪಟ್ಟವನ್ನು ಕೊಡುವವರು ಯಾರು ಎಂಬುದನ್ನು ನೀವು ಎಂದಾದರೂ ಯೋಚಿಸಿದ್ದೀರಾ? ಅದಕ್ಕಾಗಿ ರಾಕ್ ಹುಟ್ಟುವ ಮೊದಲೇ ಹಾಡುತ್ತಿದ್ದ ಒಬ್ಬನ ಕಥೆಯನ್ನು ಹೇಳಬೇಕು.

ಆತನ ಹೆಸರು ಹ್ಯೂಡಿ ಲೆಡ್‌ಬೆಟರ್. ಜನ ಕರೆದದ್ದು ಲೆಡ್ ಬೆಲ್ಲಿ ಎಂದು. ಅಮೆರಿಕದ ಲೂಸಿಯಾನಾದಲ್ಲಿ ಹುಟ್ಟಿದ ಕಪ್ಪು ಜನಾಂಗದವನು. ಹನ್ನೆರಡು ತಂತಿಯ ಗಿಟಾರಿನಲ್ಲಿ ನಿಷ್ಣಾತ. ಕೊಲೆ, ಹಲ್ಲೆಯ ಅಪರಾಧಗಳಿಗಾಗಿ ವರ್ಷಗಟ್ಟಲೆ ಸೆರೆಮನೆಯಲ್ಲಿದ್ದ. ಅದನ್ನು ಮುಚ್ಚಿಡುವುದು ಸರಿಯಲ್ಲ. 1933ರಲ್ಲಿ ಜನಪದ ಗೀತೆಗಳನ್ನು ಸಂಗ್ರಹಿಸುತ್ತಿದ್ದ ಜಾನ್ ಲೋಮ್ಯಾಕ್ಸ್ ತಮ್ಮ ಮಗ ಅಲನ್ ಜೊತೆ ಅಂಗೋಲಾ ಸೆರೆಮನೆಗೆ ಹೋಗಿ ಆತನ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ಮರುವರ್ಷ ಬಿಡುಗಡೆಯಾದ ಲೆಡ್ ಬೆಲ್ಲಿ ಲೋಮ್ಯಾಕ್ಸ್ ಅವರ ಕಾರು ಓಡಿಸುತ್ತ, ಅವರ ಸಭೆಗಳಲ್ಲಿ ಹಾಡುತ್ತ ನ್ಯೂಯಾರ್ಕ್ ಸೇರಿದ.

ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಕೇಳಿ. ಲೆಡ್ ಬೆಲ್ಲಿಗೆ ಒಳ್ಳೆಯ ಸೂಟು ತೊಡುವುದು ಇಷ್ಟ. ಆ ಕಾಲದ ಜನಪ್ರಿಯ ಹಾಡುಗಳೂ ಕೌಬಾಯ್ ಹಾಡುಗಳೂ ಆತನಿಗೆ ಪ್ರಿಯ. ಆದರೆ ಶ್ರೋತೃಗಳಿಗೆ ಬೇಕಾದದ್ದು 'ಅಸಲಿ' ಕೈದಿ. 1935ರ ಒಂದು ವಾರ್ತಾಚಿತ್ರದಲ್ಲಿ ಆತ ಸೆರೆಮನೆಯ ಉಡುಪು ತೊಟ್ಟು ತನ್ನದೇ ಬದುಕನ್ನು ನಟಿಸಬೇಕಾಯಿತು. ಬಿಡುಗಡೆಯಾದ ಮನುಷ್ಯನಿಗೆ ಮತ್ತೆ ಕೈದಿಯ ಅಂಗಿ! ಅದೇ ವರ್ಷ ಹಣದ ವಿಷಯವಾಗಿ ಲೋಮ್ಯಾಕ್ಸ್ ಮತ್ತು ಆತನ ನಡುವೆ ಬಿರುಕು ಬಿಟ್ಟಿತು. ಲೋಮ್ಯಾಕ್ಸ್ ಇಲ್ಲದಿದ್ದರೆ ಆ ಹಾಡುಗಳು ನಮಗೆ ಸಿಗುತ್ತಿರಲಿಲ್ಲವೇನೋ. ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆ ಅಂಗಿ ನನ್ನ ಕಣ್ಣ ಮುಂದಿನಿಂದ ಸರಿಯುವುದಿಲ್ಲ.

1949ರ ಡಿಸೆಂಬರಿನಲ್ಲಿ ಲೆಡ್ ಬೆಲ್ಲಿ ತೀರಿಕೊಂಡ. ಮರುವರ್ಷವೇ ಆತ ಹಾಡುತ್ತಿದ್ದ 'ಗುಡ್‌ನೈಟ್ ಐರೀನ್' ಎಂಬ ಹಾಡನ್ನು ವೀವರ್ಸ್ ಎಂಬ ತಂಡ ಹಾಡಿತು. ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. 1956ರಲ್ಲಿ ಲೋನಿ ಡೋನೆಗನ್ ಆತನ ಸಂಗ್ರಹದ ಮತ್ತೊಂದು ಹಾಡನ್ನು ಬ್ರಿಟನ್ನಿನಲ್ಲಿ ಮನೆಮಾತಾಗಿಸಿದ. ಆ ಅಲೆಯಲ್ಲಿ ಗಿಟಾರ್ ಹಿಡಿದ ಹುಡುಗರಲ್ಲಿ ಲಿವರ್‌ಪೂಲಿನ ಜಾನ್ ಲೆನನ್ ಒಬ್ಬ. ಆತ ಕಟ್ಟಿದ ಪುಟ್ಟ ತಂಡವೇ ಮುಂದೆ ಬೀಟಲ್ಸ್ ಆಯಿತು. ಚಪ್ಪಾಳೆ ಮತ್ತು ಹಣ ಯಾರ ಪಾಲಿಗೆ ಬಂತೆಂದು ನೀವೇ ಲೆಕ್ಕ ಹಾಕಿ.

ಈಗ ಬಾಬ್ ಡಿಲನ್ ಕಡೆಗೆ ಬನ್ನಿ. ಮಿನ್ನೆಸೋಟಾದ ಹಿಬ್ಬಿಂಗ್ ಊರಿನ ವ್ಯಾಪಾರಿಯ ಮಗ. ಹುಟ್ಟು ಹೆಸರು ರಾಬರ್ಟ್ ಝಿಮ್ಮರ್‌ಮನ್. ಅಲೆಮಾರಿಯ ವೇಷ ತೊಟ್ಟು, ತನ್ನ ಪೂರ್ವಾಪರದ ಬಗ್ಗೆ ಕಟ್ಟುಕಥೆ ಹೇಳುತ್ತಿದ್ದ. ಜನ ನಂಬಿದರು, ಅಸಲಿ ಎಂದರು. 1965ರ ಜುಲೈನಲ್ಲಿ ನ್ಯೂಪೋರ್ಟ್ ಉತ್ಸವದಲ್ಲಿ ಆತ ಎಲೆಕ್ಟ್ರಿಕ್ ಗಿಟಾರ್ ಹಿಡಿದು ರಾಕ್ ನುಡಿಸಿದಾಗ ಕೆಲವರು ಕೂಗಾಡಿದರು. (ಧ್ವನಿವರ್ಧಕ ಕೆಟ್ಟದಾಗಿತ್ತು, ಅದಕ್ಕೇ ಕೂಗಿದರು ಎನ್ನುವವರೂ ಇದ್ದಾರೆ.) ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಕೇಳುಗನೊಬ್ಬ ಆತನನ್ನು ಯೇಸುವಿಗೆ ದ್ರೋಹ ಬಗೆದ ಜೂದಾಸನ ಹೆಸರಿನಿಂದಲೇ ಕೂಗಿದ. ನನಗೆ ಸೋಜಿಗವೆನಿಸುವುದು ಇದು: ಹಿಬ್ಬಿಂಗಿನ ಈ ಹುಡುಗ ಶಾಲೆಯಲ್ಲಿದ್ದಾಗಲೇ ರಾಕ್ ತಂಡ ಕಟ್ಟಿದ್ದ! ನಿಜವಾಗಿ ಆತ ಮರಳಿದ್ದು ತನ್ನ ಮೊದಲ ಪ್ರೀತಿಗೆ. ಕಟ್ಟುಕಥೆಗೆ ಚಪ್ಪಾಳೆ, ನಿಜಕ್ಕೆ ಬೈಗುಳ.

ಡಿಲನ್‌ಗೆ ವೇಷ ಬದಲಿಸುವ ಸ್ವಾತಂತ್ರ್ಯವಿತ್ತು. ಬೈಗುಳ ತಿಂದರೂ ಬೆಳೆದ, 2016ರಲ್ಲಿ ನೊಬೆಲ್ ಕೂಡ ಪಡೆದ. ಲೆಡ್ ಬೆಲ್ಲಿಗೆ ಅಂಥ ಸ್ವಾತಂತ್ರ್ಯ ಸುಲಭವಾಗಿ ಸಿಗಲಿಲ್ಲ. 1988ರಲ್ಲಿ ಆತನ ಹೆಸರು ರಾಕ್ ಸಂಗೀತದ ಗೌರವ ಪಟ್ಟಿಗೆ ಸೇರಿತು. 1993ರಲ್ಲಿ ನಿರ್ವಾಣ ತಂಡದ ಕರ್ಟ್ ಕೊಬೇನ್ ನ್ಯೂಯಾರ್ಕಿನ ಟೆಲಿವಿಷನ್ ಕಾರ್ಯಕ್ರಮವನ್ನು ಮುಗಿಸಿದ್ದು ಲೆಡ್ ಬೆಲ್ಲಿ ಹಾಡುತ್ತಿದ್ದ ಹಳೆಯ ಹಾಡಿನಿಂದ. ವಿದ್ಯಾರ್ಥಿ ಮಿತ್ರರೆ, ಆ ಹಾಡನ್ನು ಕೇಳಿದ ಮೇಲೆ ಲೆಡ್ ಬೆಲ್ಲಿಯ ಭಾವಚಿತ್ರಗಳನ್ನೂ ಒಮ್ಮೆ ಹುಡುಕಿ ನೋಡಿ. ಸೂಟು ತೊಟ್ಟು, ಕುತ್ತಿಗೆಗೆ ಬೋ ಕಟ್ಟಿ, ಗಿಟಾರ್ ಹಿಡಿದು ನಿಂತಿರುವ ಚಿತ್ರಗಳೂ ನಿಮಗೆ ಸಿಗುತ್ತವೆ.