ಓಟವೂ ಬಿಡುವೂ

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ನಡೆದಾಡಿದವರಿಗೆ ಆ ಮಣ್ಣಿನ ಸ್ವಭಾವವನ್ನು ಹೇಳಬೇಕಾದುದಿಲ್ಲ. ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುವ ಆ ನೆಲ ಮಳೆ ಬಿದ್ದೊಡನೆ ಉಬ್ಬಿ, ಅಂಟಾಗಿ, ಕಾಲಿಗೆ ಮೆತ್ತಿಕೊಳ್ಳುತ್ತದೆ. ಕಡಲೆಗೂ ಜೋಳಕ್ಕೂ ಹತ್ತಿಗೂ ಒಳ್ಳೆಯದಾದ ಈ ಮಣ್ಣು ಓಟಗಾರನಿಗೆ ಮಾತ್ರ ಒಳ್ಳೆಯದಲ್ಲ. ಆದರೂ ಆ ಸೀಮೆಯಲ್ಲಿ ಓಡುವವರಿಗೆ ಕೊರತೆಯಿಲ್ಲ. ನಸುಕಿನಲ್ಲಿ ಡಾಂಬರು ರಸ್ತೆಯ ಅಂಚಿನಲ್ಲೋ ಮಲಪ್ರಭೆಯ ಕಾಲುವೆಯ ಏರಿಯ ಮೇಲೋ ಹದಿನೆಂಟು ಇಪ್ಪತ್ತರ ಹುಡುಗರು ಓಡುತ್ತಿರುತ್ತಾರೆ.

ಅವರು ಪದಕಕ್ಕಾಗಿ ಓಡುವವರಲ್ಲ, ಸೈನ್ಯದ ಭರ್ತಿಗಾಗಿ ಓಡುವವರು. ಭರ್ತಿಯ ಮೈದಾನದಲ್ಲಿ 1600 ಮೀಟರು ದೂರವನ್ನು 5 ನಿಮಿಷ 30 ಸೆಕೆಂಡುಗಳೊಳಗೆ ಮುಗಿಸಿದವನಿಗೆ ಓಟದ ಪೂರ್ಣ ಅಂಕಗಳು ದೊರೆಯುತ್ತವೆ. ಎಂದರೆ 400 ಮೀಟರಿನ ಒಂದೊಂದು ಸುತ್ತಿಗೆ 82 ಸೆಕೆಂಡು, ಮೇಲೆ ಅರ್ಧ. ಮಳೆಯನ್ನೇ ನಂಬಿದ ನಾಲ್ಕೆಕರೆ ಹೊಲದ ಮನೆಯಲ್ಲಿ ಈ ಅರ್ಧ ಸೆಕೆಂಡಿನ ಬೆಲೆ ಎಷ್ಟೆಂಬುದನ್ನು ನಾನು ಬಲ್ಲೆ.

ನಾನು ಬಹುಕಾಲ ಆ ಭಾಗದ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಭರ್ತಿಗೆ ಹೋಗುವ ಹುಡುಗರನ್ನು ಬೆಳಗಿನಲ್ಲಿ ಓಡಿಸುವ ಹವ್ಯಾಸವೂ ನನಗಿದ್ದಿತು. ಹೆಚ್ಚು ಓಡಿದಷ್ಟೂ ಹೆಚ್ಚು ಬಲ ಬರುತ್ತದೆ ಎಂಬುದಷ್ಟೇ ನನಗೆ ಗೊತ್ತಿದ್ದ ಶಾಸ್ತ್ರ. ದಿನವೂ 1600 ಮೀಟರು, ದಿನವೂ ಉಸಿರು ಕಟ್ಟುವ ವೇಗ. ನನ್ನ ಹುಡುಗರಲ್ಲೆಲ್ಲ ಚುರುಕಾದವನೊಬ್ಬ ಮೊಣಕಾಲಿನ ಕೆಳಗೆ ಎಲುಬು ನೋಯುತ್ತದೆಂದು ಹೇಳಿದಾಗ, ಅದು ಸೋಮಾರಿತನವೆಂದು ಗದರಿಸಿದೆ. ಭರ್ತಿಗೆ ಮೂರು ವಾರವಿರುವಾಗ ಅವನು ಓಡುತ್ತಿದ್ದಂತೆ ಕುಸಿದ. ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿದೆಯೆಂದು ವೈದ್ಯರು ಹೇಳಿದರು. ಅದು ವಯಸ್ಸಿನ ಮಿತಿಯೊಳಗೆ ಅವನಿಗಿದ್ದ ಕೊನೆಯ ಭರ್ತಿಯಾಗಿದ್ದಿತು.

ನಾನು ಅವನ ಮನೆಗೆ ಹೋದಾಗ ಅವನ ತಂದೆ ಸಿಟ್ಟು ಮಾಡಲಿಲ್ಲ. ಚಹಾ ಕೊಟ್ಟು, ತುಸು ಹೊತ್ತು ಸುಮ್ಮನೆ ಕುಳಿತಿದ್ದು, "ಮಾಸ್ತರ, ಸೋಮವಾರ ನಾವು ಎತ್ತಿನ ಹೆಗಲ ಮ್ಯಾಲ ನೊಗಾ ಇಡೂದಿಲ್ರಿ. ನನ್ನ ಮಗಗ ನೀವು ಒಂದ ದಿನಾನೂ ಬಿಡುವು ಕೊಡ್ಲಿಲ್ಲಲ್ರಿ" ಎಂದರು. ನಾನು ಓದಿದ್ದ ಯಾವ ಪುಸ್ತಕವೂ ನನಗೆ ಇಷ್ಟು ನೇರವಾಗಿ ಪಾಠ ಹೇಳಿರಲಿಲ್ಲ.

ಆ ಮೇಲೆ ನಾನು ಓದತೊಡಗಿದೆ. ಓಟದ ನಡುವೆ ಬಿಡುವನ್ನಿಟ್ಟು ಅಭ್ಯಾಸ ಮಾಡಿಸುವ ಪದ್ಧತಿಯನ್ನು ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಷ್ಲರ್ ಮತ್ತು ಹೃದಯದ ವೈದ್ಯ ಹೆರ್ಬರ್ಟ್ ರೈಂಡೆಲ್ ಅವರು ಕ್ರಮಬದ್ಧವಾಗಿ ರೂಪಿಸಿದರು. ಹುಡುಗ ಸ್ವಲ್ಪ ದೂರ ವೇಗವಾಗಿ ಓಡಬೇಕು. ನಾಡಿ ನಿಮಿಷಕ್ಕೆ 180ರ ಸುಮಾರಿಗೆ ಏರಬೇಕು. ಅನಂತರ ಅದು 120ಕ್ಕೆ ಇಳಿಯುವತನಕ ವಿಶ್ರಮಿಸಿ ಮತ್ತೆ ಓಡಬೇಕು. ಹೃದಯ ಬಲಗೊಳ್ಳುವುದು ಓಟದ ಹೊತ್ತಿನಲ್ಲಿ ಮಾತ್ರವಲ್ಲ, ಆ ಬಿಡುವಿನ ಹೊತ್ತಿನಲ್ಲಿ ಎಂಬುದು ಅವರ ಅಭಿಪ್ರಾಯ. ಗೆರ್ಷ್ಲರ್ ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡುಗಳಲ್ಲಿ ಓಡಿದ. ಆ ದಾಖಲೆ 1955ರವರೆಗೆ ಉಳಿಯಿತು. ಪಾದರಕ್ಷೆಯ ಕಾರ್ಖಾನೆಯಲ್ಲಿ ಕೂಲಿಯಾಗಿದ್ದ ಚೆಕ್ ದೇಶದ ಎಮಿಲ್ ಝಾಟೊಪೆಕ್ 400 ಮೀಟರಿನ ಸುತ್ತುಗಳನ್ನು ಮತ್ತೆ ಮತ್ತೆ ಓಡಿ, ನಡುನಡುವೆ ನಿಧಾನವಾಗಿ ಓಡಿ ದಣಿವಾರಿಸಿಕೊಳ್ಳುತ್ತಿದ್ದ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5,000 ಮೀಟರು, 10,000 ಮೀಟರು, ಮ್ಯಾರಥಾನ್ ಮೂರನ್ನೂ ಗೆದ್ದವನು ಅವನೇ.

ಇದರಲ್ಲಿ ನಮಗೆ ಪೂರಾ ಹೊಸತೇನಿದೆ? ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯರು ಒಂದೇ ಪಲುಕನ್ನು ನೂರು ಸಲ ತಿರುವಿಹಾಕಿ ಕಲಿತದ್ದೂ ಇಂಥದೇ ಶ್ರಮ. ತಾನು ಎಷ್ಟೇ ವೇಗವಾಗಿ ಹೋದರೂ ಮರಳಿ ಸಮಕ್ಕೆ ಬರಬೇಕೆಂಬುದನ್ನು ಗಾಯಕ ಮರೆಯುವುದಿಲ್ಲ, ಓಟಗಾರ ಮರೆಯುತ್ತಾನೆ.

ಈಗ ಯಂತ್ರದ ಮಾತಿಗೆ ಬರುತ್ತೇನೆ. ಟ್ರೆಡ್‌ಮಿಲ್ ಎಂಬ ಹೆಸರಿನ ಮೂಲ ಸೆರೆಮನೆಯಲ್ಲಿದೆ. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಕೈದಿಗಳು ಮೆಟ್ಟುತ್ತ ತಿರುಗಿಸಬೇಕಾದ ಚಕ್ರವನ್ನು ರೂಪಿಸಿದ. 1898ರ ಕಾಯಿದೆ ಆ ಶಿಕ್ಷೆಯನ್ನು ತೊಡೆದುಹಾಕಿತು. ಅದೇ ಹೆಸರಿನ ಪಟ್ಟಿಯ ಯಂತ್ರವನ್ನು 1960ರ ದಶಕದಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ ಹೃದಯದ ಪರೀಕ್ಷೆಗೆ ಬಳಸಿ, ಮೂರು ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುವ ಕ್ರಮವನ್ನು ಇಟ್ಟರು. ನಮ್ಮ ಹಿರಿಯರು ಅದನ್ನು ನೋಡಿ, "ಗಾಣದ ಎತ್ತು" ಎಂದು ನಗುತ್ತಾರೆ. ನಗುವುದು ಸಹಜವೇ, ಒಂದು ಗಂಟೆ ಓಡಿದರೂ ಮುಂದಿನ ಗೋಡೆ ಅಲ್ಲಿಯೇ ಇರುತ್ತದೆ.

ಆದರೆ ಮಳೆಗಾಲದ ಎರೆನಾಡಿನಲ್ಲಿ ಆ ಯಂತ್ರ ಉಪಕಾರಿಯೇ. ಕೆಸರಿಲ್ಲ, ಕತ್ತಲಲ್ಲಿ ಲಾರಿಯ ಭಯವಿಲ್ಲ. ಕಲಘಟಗಿಯ ಕಡೆ ಏರಿಳಿತಗಳುಂಟು. ನವಲಗುಂದದ ಗುಡ್ಡವೊಂದನ್ನು ಬಿಟ್ಟರೆ ನಮ್ಮ ಬಯಲಲ್ಲಿ ಏರು ಎಲ್ಲಿದೆ? ಗುಂಡಿಯೊಂದನ್ನು ಒತ್ತಿದರೆ ಯಂತ್ರ ಏರನ್ನು ಮಾಡಿಕೊಡುತ್ತದೆ. ಕಾಲಿನ ಬಲಕ್ಕೆ ಏರಿನ ಓಟದಂಥ ವ್ಯಾಯಾಮ ಕಡಿಮೆ. ಎದುರುಗಾಳಿಯ ತಡೆ ಅಲ್ಲಿಲ್ಲವಾದುದರಿಂದ, ವೇಗದ ಓಟಕ್ಕೆ ನೂರಕ್ಕೆ ಒಂದರಷ್ಟು ಏರನ್ನು ಇಟ್ಟುಕೊಳ್ಳುವುದು ವಾಡಿಕೆ.

ಕ್ರಮ ಸರಳವಾದುದು. ಹತ್ತು ನಿಮಿಷ ನಡಿಗೆ, ಮೆಲ್ಲನೆಯ ಓಟ. ಆಮೇಲೆ ಒಂದು ನಿಮಿಷ ವೇಗ, ಎರಡು ನಿಮಿಷ ನಡಿಗೆ. ಮೊದಲಿಗೆ ಆರು ಸಲ, ವಾರಗಳು ಕಳೆದಂತೆ ಎಂಟು, ಹತ್ತು. ಮತ್ತೊಂದು ದಿನ ವೇಗವನ್ನು ತಗ್ಗಿಸಿ ಏರನ್ನು ಐದಕ್ಕೆ ಒಯ್ಯಬೇಕು. ಕೊನೆಗೆ ಮತ್ತೆ ನಡಿಗೆ. ವಾರಕ್ಕೆ ಇಂಥವು ಎರಡೇ ದಿನ, ನಡುವೆ ಅಂತರವಿರಬೇಕು. ಉಸಿರು ಬೇಗ ಪಳಗುತ್ತದೆ, ಸ್ನಾಯು ಬೇಗ ಬಲಿಯುತ್ತದೆ. ಎಲುಬು ನಿಧಾನವಾಗಿ ಬಲಿಯುತ್ತದೆ. ನಿಧಾನವಾದುದಕ್ಕೆ ಕಾಯದೆ ಹೋದುದೇ ನನ್ನ ತಪ್ಪಾಗಿದ್ದಿತು. ಭರ್ತಿಯ ಓಟ ನೆಲದ ಮೇಲೆ ನಡೆಯುವುದರಿಂದ ವಾರದಲ್ಲಿ ಒಂದೆರಡು ದಿನ ನೆಲದ ಮೇಲೆಯೂ ಓಡಲೇಬೇಕು.

ಕಾಲು ಮುರಿದುಕೊಂಡ ಆ ಹುಡುಗ ಈಗ ಹಗಲು ಟ್ರ್ಯಾಕ್ಟರು ನಡೆಸುತ್ತಾನೆ. ಸಂಜೆ ತಾಲೂಕಿನ ಊರಿನಲ್ಲಿರುವ ಸಣ್ಣ ವ್ಯಾಯಾಮಶಾಲೆಯೊಂದನ್ನು ನೋಡಿಕೊಳ್ಳುತ್ತಾನೆ. ಅಲ್ಲಿ ಇರುವುದು ಒಂದೇ ಟ್ರೆಡ್‌ಮಿಲ್. ಕಳೆದ ಮಳೆಗಾಲದಲ್ಲಿ ನಾನು ಹೋದಾಗ ಹುಡುಗರು ಸರದಿಯಲ್ಲಿ ನಿಂತಿದ್ದರು. ಓಡುವವನ ಪಕ್ಕದಲ್ಲಿ ಗಡಿಯಾರ ಹಿಡಿದು, "ಇನ್ನ ಹತ್ತು ಸೆಕೆಂಡು... ಸಾಕು, ಇಳಸು, ನಡಿ ಈಗ" ಎಂದು ಅವನು ಹೇಳುತ್ತಿದ್ದ. ಒಬ್ಬ ಹುಡುಗ, "ಅಣ್ಣಾ, ಇನ್ನೊಂದ ಸಲ ಓಡ್ತೇನಿ" ಎಂದು ಬೇಡಿಕೊಂಡ. "ಬ್ಯಾಡ. ಇವತ್ತಿಂದು ಮುಗೀತು" ಎಂದು ಅವನು ಯಂತ್ರವನ್ನು ನಿಲ್ಲಿಸಿಬಿಟ್ಟ.

ನನ್ನನ್ನು ಕಂಡು ಕುರ್ಚಿ ತಂದಿಟ್ಟ. ಹಳೆಯ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಗೋಡೆಯ ಮೇಲೆ ವಾರದ ಪಟ್ಟಿಯೊಂದನ್ನು ಅವನು ಬರೆದು ಹಚ್ಚಿದ್ದ. ಅದರಲ್ಲಿ ಸೋಮವಾರದ ಎದುರಿಗೆ ಏನನ್ನೂ ಬರೆದಿರಲಿಲ್ಲ.