ಚೌಕಾಬಾರದಲ್ಲಿ ಎರಡೇ ಏಕೆ ಹೆಚ್ಚು ಬೀಳುತ್ತದೆ?

ಚೌಕಾಬಾರ ಆಡಿದವರಿಗೆಲ್ಲ ಇದು ಗೊತ್ತಿರುವ ವಿಷಯ. ಕಾಯಿ ಹಣ್ಣಾಗಲು ಇನ್ನು ನಾಲ್ಕೇ ಮನೆ ಬೇಕು ಅನ್ನುವಾಗ ಚೌಕ ಬೀಳುವುದೇ ಇಲ್ಲ. ಕವಡೆಯನ್ನು ಎಷ್ಟು ಹೊತ್ತು ಕುಲುಕಿದರೂ ಬಾರ ಬರುವುದಿಲ್ಲ. ಎರಡು ಮಾತ್ರ ಬೇಡವೆಂದರೂ ಮತ್ತೆ ಮತ್ತೆ ಬೀಳುತ್ತದೆ. ಕೈಗುಣ ಸರಿಯಿಲ್ಲ ಎಂದು ಕವಡೆಯನ್ನು ಪಕ್ಕದವರ ಕೈಗೆ ಕೊಟ್ಟು ನೋಡಿದರೂ ಅಷ್ಟೇ. ಇದರ ಹಿಂದೆ ಒಂದು ಸೊಗಸಾದ ಲೆಕ್ಕವಿದೆ. ಅದರ ಬೆನ್ನು ಹತ್ತಿ ಹೊರಟರೆ ಆಕಾಶದಲ್ಲಿ ಕಳೆದುಹೋದ ಒಂದು ಪುಟ್ಟ ಗ್ರಹವೂ ಸಿಗುತ್ತದೆ, ನಿಮ್ಮ ಶಾಲೆಯ ಮಕ್ಕಳ ಎತ್ತರವೂ ಸಿಗುತ್ತದೆ.

ಕವಡೆ ಇಲ್ಲದಿದ್ದರೆ ಹುಣಸೆ ಬೀಜ ಸಾಕು. ನಾಲ್ಕು ಬೀಜಗಳ ಒಂದೊಂದು ಬದಿಯನ್ನು ಒರಟು ಕಲ್ಲಿಗೆ ತಿಕ್ಕಿ. ಕಂದು ಸಿಪ್ಪೆ ಸವೆದು ಒಳಗಿನ ಬಿಳಿ ಕಾಣುತ್ತದೆ. ಈಗ ನಾಲ್ಕನ್ನೂ ಒಟ್ಟಿಗೆ ಎಸೆಯಿರಿ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ, ಒಂದೂ ಬಿಳಿಯಿಲ್ಲದಿದ್ದರೆ ಬಾರ, ಅಂದರೆ ಎಂಟು.

ಬೀಜಗಳಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಗುರುತು ಹಾಕಿಕೊಂಡು ನೋಡೋಣ. ಚೌಕ ಬೀಳಲು ದಾರಿ ಒಂದೇ: ನಾಲ್ಕೂ ಬಿಳಿಯಾಗಬೇಕು. ಬಾರಕ್ಕೂ ಒಂದೇ: ನಾಲ್ಕೂ ಕಂದಾಗಬೇಕು. ಒಂದು ಬೀಳಲು ನಾಲ್ಕು ದಾರಿ, ಏಕೆಂದರೆ ಆ ಒಂಟಿ ಬಿಳಿ ಯಾವ ಬೀಜದ್ದಾದರೂ ಆಗಬಹುದು. ಮೂರಕ್ಕೂ ನಾಲ್ಕೇ. ಎರಡಕ್ಕೆ? ಒಂದನೆಯದು ಮತ್ತು ಎರಡನೆಯದು ಬಿಳಿ, ಒಂದನೆಯದು ಮತ್ತು ಮೂರನೆಯದು ಬಿಳಿ, ಹೀಗೆ ಬೆರಳು ಮಡಚುತ್ತಾ ಹೋದರೆ ಆರು ಜೋಡಿ ಸಿಗುತ್ತವೆ. ಒಟ್ಟು 16 ದಾರಿಗಳು. ಅದರಲ್ಲಿ ಎರಡಕ್ಕೆ 6, ಚೌಕಕ್ಕೆ 1. ನಡುವಿನ ಸಂಖ್ಯೆಗೆ ಹೋಗುವ ದಾರಿಗಳು ಹೆಚ್ಚು, ಕೊನೆಯ ಸಂಖ್ಯೆಗಳಿಗೆ ದಾರಿಗಳು ಕಡಿಮೆ. ನಾನು ಇಂದು ಹೇಳಬೇಕೆಂದಿರುವುದರ ಬೀಜ ಇಷ್ಟೇ. ಮುಂದಿನದೆಲ್ಲ ಇದೇ ಬೆಳೆದದ್ದು.

ಹುಣಸೆ ಬೀಜದ ಎರಡು ಬದಿಗಳು ಒಂದೇ ಸಮನಲ್ಲ, ಒಂದು ಬದಿ ಹೆಚ್ಚು ಸಲ ಮೇಲೆ ಬೀಳಬಹುದು. ಆದ್ದರಿಂದ ನಾಣ್ಯಗಳಿಗೆ ಬರೋಣ. ರೂಪಾಯಿಯ ಹತ್ತು ನಾಣ್ಯಗಳನ್ನು ಎರಡು ಅಂಗೈಗಳ ನಡುವೆ ಕುಲುಕಿ ಚಾಪೆಯ ಮೇಲೆ ಚೆಲ್ಲಿ. ಸಿಂಹಗಳಿರುವ ಮುಖ ಎಷ್ಟು ಮೇಲಿದೆ ಎಣಿಸಿ. ನೋಟ್‌ಬುಕ್ಕಿನಲ್ಲಿ ಅಡ್ಡಲಾಗಿ 0ಯಿಂದ 10ರವರೆಗೆ ಬರೆದುಕೊಂಡು, ಬಿದ್ದ ಸಂಖ್ಯೆಯ ಮೇಲೆ ಒಂದು ಚುಕ್ಕಿ ಇಡಿ. ಮತ್ತೆ ಚೆಲ್ಲಿ, ಮತ್ತೆ ಚುಕ್ಕಿ. ಅದೇ ಸಂಖ್ಯೆ ಬಂದರೆ ಹಳೆಯ ಚುಕ್ಕಿಯ ತಲೆಯ ಮೇಲೆ ಹೊಸದು. ಮೊದಲ ಹತ್ತಿಪ್ಪತ್ತು ಸಲ ಏನೂ ತಿಳಿಯುವುದಿಲ್ಲ, ಚುಕ್ಕಿಗಳು ಅಲ್ಲೊಂದು ಇಲ್ಲೊಂದು ಕೂತಿರುತ್ತವೆ. ಐವತ್ತು ದಾಟಿದ ಮೇಲೆ ನಡುವೆ ಗುಡ್ಡ ಏಳತೊಡಗುತ್ತದೆ. ನೂರರ ಹೊತ್ತಿಗೆ 5ರ ಆಸುಪಾಸು ಎತ್ತರ, ಎರಡೂ ಕಡೆ ಇಳಿಜಾರು, 0 ಮತ್ತು 10ರ ಮೇಲೆ ಬಹುಶಃ ಬರೀ ಖಾಲಿ ಜಾಗ. ನೀವು ಒಂದೊಂದು ಸಲ ಚೆಲ್ಲುವಾಗಲೂ ಏನು ಬೀಳುತ್ತದೆಂದು ಯಾರೂ ಹೇಳಲಾರರು. ಆದರೆ ನೂರು ಸಲ ಚೆಲ್ಲಿದ ಮೇಲೆ ಗುಡ್ಡ ಹೇಗಿರುತ್ತದೆಂದು ಮೊದಲೇ ಹೇಳಬಹುದು. ನನಗೆ ಗಣಿತದಲ್ಲಿ ಇಷ್ಟು ಬೆರಗು ಹುಟ್ಟಿಸುವ ಸಂಗತಿಗಳು ಹೆಚ್ಚಿಲ್ಲ.

ಎಷ್ಟು ದಾರಿಗಳೆಂದು ಲೆಕ್ಕ ಹಾಕುವ ಸೂತ್ರಕ್ಕೆ ದೂರ ಹೋಗಬೇಕಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಗಣಿತಜ್ಞ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲೊಂದು ಲೆಕ್ಕವಿದೆ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು? ಎರಡೆರಡಾಗಿ ಬೆರೆಸಲು 6ನ್ನು 5ರಿಂದ ಗುಣಿಸಿ, 1 ಗುಣಿಸು 2ರಿಂದ ಭಾಗಿಸಿ: 15. ಮೂರು ಮೂರಾಗಿ ಬೆರೆಸಿದರೆ 20. ನಾಲ್ಕಕ್ಕೆ ಮತ್ತೆ 15. ಇಲ್ಲೂ ನಡುವೆಯೇ ಎತ್ತರ! ಅದೇ ಸೂತ್ರದಿಂದ ನಮ್ಮ ಹತ್ತು ನಾಣ್ಯಗಳಲ್ಲಿ ಐದು ಸಿಂಹ ಬೀಳುವ ದಾರಿಗಳನ್ನು ನೀವೇ ಕಂಡುಹಿಡಿಯಿರಿ. 10, 9, 8, 7, 6ನ್ನು ಗುಣಿಸಿ 1, 2, 3, 4, 5ರ ಗುಣಲಬ್ಧದಿಂದ ಭಾಗಿಸಿದರೆ 252 ಬರುತ್ತದೆ. 0ಯಿಂದ 10ರವರೆಗೆ ಪೂರ್ತಿ ಸಾಲು ಹೀಗಿದೆ: 1, 10, 45, 120, 210, 252, 210, 120, 45, 10, 1. ಕೂಡಿದರೆ 1024. ಹತ್ತಕ್ಕೆ ಹತ್ತೂ ಸಿಂಹ ನೋಡುವ ಆಸೆಯಿದ್ದರೆ ಸಾವಿರ ಸಲವಾದರೂ ಚೆಲ್ಲುವ ತಾಳ್ಮೆ ಬೇಕು.

ನಾಣ್ಯ ನೂರಾದರೆ ಈ ಲೆಕ್ಕ ಕೈಗೆ ಸಿಗುವುದಿಲ್ಲ. ಐವತ್ತು ಸಿಂಹ ಬೀಳುವ ದಾರಿಗಳ ಸಂಖ್ಯೆಯನ್ನು ಬರೆದರೆ ಅದರಲ್ಲಿ 30 ಅಂಕಿಗಳಿರುತ್ತವೆ. ಈ ತೊಡಕನ್ನು ಬಿಡಿಸಿದವನು ಅಬ್ರಹಾಂ ದ ಮುವಾವ್ರ್. ಪ್ರಾಟೆಸ್ಟೆಂಟ್ ಆಗಿದ್ದ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಲಂಡನ್‌ಗೆ ಬಂದು, ಗಣಿತದ ಮನೆಪಾಠ ಹೇಳಿ ಬದುಕಿದವನು. ನಾಣ್ಯಗಳು ಹೆಚ್ಚಾದಂತೆ ಚುಕ್ಕಿಗುಡ್ಡದ ಮೆಟ್ಟಿಲುಗಳು ಸವೆದು ಒಂದು ನುಣುಪಾದ ಬಾಗಿದ ಗೆರೆಯಾಗುತ್ತವೆ, ಆ ಗೆರೆಗೆ ಒಂದು ಸೂತ್ರವಿದೆ ಎಂದು ಅವನು 1733ರಲ್ಲಿ ತೋರಿಸಿದ. ದೇವಸ್ಥಾನದ ಗಂಟೆಯನ್ನು ಪಕ್ಕದಿಂದ ನೋಡಿದಂತೆ ಕಾಣುವ ಗೆರೆ ಅದು. ಇದಕ್ಕೇ ಸಾಮಾನ್ಯ ವಿತರಣೆ ಎಂದು ಹೆಸರು.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಗಂಟೆ ಎಷ್ಟು ಅಗಲ? ಸರಾಸರಿ ಹೇಳುವುದು ನಡು ಎಲ್ಲಿದೆ ಎಂಬುದನ್ನು ಮಾತ್ರ. ಶಾಲೆಗೆ ಹೋಗಲು ಎರಡು ಬಸ್ಸುಗಳಿವೆ ಅಂದುಕೊಳ್ಳಿ. ಮೊದಲನೆಯದು ಐದು ದಿನಗಳಲ್ಲಿ 8, 9, 10, 11, 12 ನಿಮಿಷ ತಡವಾಗಿ ಬಂತು. ಎರಡನೆಯದು 0, 5, 10, 15, 20 ನಿಮಿಷ ತಡ. ಎರಡರ ಸರಾಸರಿಯೂ ಹತ್ತೇ ನಿಮಿಷ. ಆದರೆ ಪರೀಕ್ಷೆಯ ದಿನ ನೀವು ಯಾವ ಬಸ್ಸನ್ನು ನಂಬುತ್ತೀರಿ? ಸರಾಸರಿ ಒಂದೇ ಆದರೂ ಚದುರುವಿಕೆ ಬೇರೆ ಬೇರೆ.

ಚದುರುವಿಕೆಯನ್ನು ಅಳೆಯುವ ಕೋಲಿನ ಹೆಸರು ಮಾನಕ ವಿಚಲನೆ. ಹೆಸರು ಭಾರವಾಗಿದೆ, ಕೆಲಸ ಸುಲಭ. ಪ್ರತಿ ಸಂಖ್ಯೆಯೂ ಸರಾಸರಿಯಿಂದ ಎಷ್ಟು ದೂರವಿದೆ ನೋಡಿ. ಮೊದಲ ಬಸ್ಸಿಗೆ ಆ ದೂರಗಳು 2, 1, 0, 1, 2. ಒಂದೊಂದನ್ನೂ ವರ್ಗ ಮಾಡಿ: 4, 1, 0, 1, 4. ಕೂಡಿ ಐದರಿಂದ ಭಾಗಿಸಿದರೆ 2. ಅದರ ವರ್ಗಮೂಲ ಸುಮಾರು 1.4 ನಿಮಿಷ. ಎರಡನೆಯ ಬಸ್ಸಿಗೆ ಇದೇ ಲೆಕ್ಕ ಮಾಡಿದರೆ ಸುಮಾರು 7.1 ನಿಮಿಷ ಬರುತ್ತದೆ, ಸರಿಯಾಗಿ ಐದು ಪಟ್ಟು. ‘ಬಸ್ಸು ಸರಾಸರಿ ಹತ್ತು ನಿಮಿಷ ತಡ’ ಎಂದು ಯಾರಾದರೂ ಹೇಳಿದರೆ ಅರ್ಧ ಸುದ್ದಿ ಮಾತ್ರ ಹೇಳಿದರು ಅಂತಲೇ ನನ್ನ ಲೆಕ್ಕ.

ಗಂಟೆಯಾಕಾರದ ಗೆರೆಯಲ್ಲಿ ಈ ಕೋಲಿಗೆ ವಿಶೇಷ ಬಲ ಬರುತ್ತದೆ. ಸರಾಸರಿಯಿಂದ ಎರಡೂ ಕಡೆ ಒಂದೊಂದು ಕೋಲು ದೂರದೊಳಗೆ ನೂರಕ್ಕೆ ಸುಮಾರು 68 ಭಾಗ ಇರುತ್ತದೆ. ಎರಡೆರಡು ಕೋಲಿನೊಳಗೆ ಸುಮಾರು 95. ಮೂರು ಮೂರು ಕೋಲಿನೊಳಗೆ 99.7. ಗಂಟೆ ದಪ್ಪಗಿರಲಿ, ಸಪೂರವಾಗಿರಲಿ, ಈ ಪಾಲು ಬದಲಾಗುವುದಿಲ್ಲ. ನಮ್ಮ ಹತ್ತು ನಾಣ್ಯಗಳ ಸಣ್ಣ ಗುಡ್ಡದಲ್ಲೇ ಪರೀಕ್ಷಿಸಿ. ಅಲ್ಲಿ ಒಂದು ಕೋಲು ಅಂದರೆ ಸುಮಾರು 1.6. ಸರಾಸರಿ 5ರಿಂದ ಅಷ್ಟು ದೂರದೊಳಗೆ ಸಿಗುವವು 4, 5, 6. ಅವುಗಳ ದಾರಿಗಳು 210, 252, 210, ಕೂಡಿದರೆ 672. ಅದು 1024ರಲ್ಲಿ ನೂರಕ್ಕೆ ಸುಮಾರು 66. ಹತ್ತೇ ನಾಣ್ಯಕ್ಕೆ 68ರ ಇಷ್ಟು ಹತ್ತಿರ!

ನೂರು ನಾಣ್ಯ ಚೆಲ್ಲಿದರೆ ಸರಾಸರಿ 50, ಕೋಲು ಸರಿಯಾಗಿ 5. ಹಾಗಾಗಿ 40ರಿಂದ 60ರ ನಡುವೆಯೇ ಹೆಚ್ಚುಕಡಿಮೆ ಎಲ್ಲವೂ ಮುಗಿಯುತ್ತದೆ. ಸಾವಿರ ಸಲ ಚೆಲ್ಲಿದರೆ 35ಕ್ಕಿಂತ ಕೆಳಗೋ 65ಕ್ಕಿಂತ ಮೇಲೋ ಹೋಗುವುದು ಸಾಮಾನ್ಯವಾಗಿ ಒಂದೆರಡು ಸಲ. ಇನ್ನೂ ಒಂದನ್ನು ಗಮನಿಸಿ. ನಾಣ್ಯ ಹತ್ತರಿಂದ ನೂರಾದರೂ ಕೋಲು ಹತ್ತು ಪಟ್ಟು ಆಗಲಿಲ್ಲ, ಮೂರು ಪಟ್ಟಿಗಿಂತ ತುಸು ಹೆಚ್ಚಾಯಿತು ಅಷ್ಟೆ. ನಾಲ್ಕು ಪಟ್ಟು ನಾಣ್ಯಕ್ಕೆ ಎರಡು ಪಟ್ಟು ಚದುರುವಿಕೆ, ನೂರು ಪಟ್ಟಿಗೆ ಹತ್ತು ಪಟ್ಟು. ಅಂದರೆ ನಾಣ್ಯ ಹೆಚ್ಚಿದಷ್ಟೂ ಒಟ್ಟು ಸಂಖ್ಯೆಗೆ ಹೋಲಿಸಿದರೆ ಗುಡ್ಡ ನಡುವಿಗೇ ಒತ್ತಿಕೊಳ್ಳುತ್ತದೆ.

ಆಕಾಶದ ಕಥೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಪಿಯಾಝಿ ಎಂಬ ಖಗೋಳಜ್ಞ ಹೊಸದೊಂದು ಕಾಯ ಕಂಡ. ಅದೇ ಸೆರೆಸ್. ಕೆಲವು ವಾರ ಕಂಡ ಅದು ಸೂರ್ಯನ ಬೆಳಕಿನ ಕಡೆಗೆ ಸರಿದು ಮರೆಯಾಯಿತು. ಮತ್ತೆ ಎಲ್ಲಿ ಹುಡುಕಬೇಕು? 24 ವರ್ಷದ ಕಾರ್ಲ್ ಫ್ರೆಡ್ರಿಕ್ ಗೌಸ್, ಸಿಕ್ಕ ಅಷ್ಟಿಷ್ಟು ಅಳತೆಗಳಿಂದಲೇ ಅದರ ಹಾದಿ ಲೆಕ್ಕ ಹಾಕಿದ. ಆ ವರ್ಷದ ಕೊನೆಗೆ ಅವನು ಹೇಳಿದ ಜಾಗದ ಬಳಿಯಲ್ಲೇ ಸೆರೆಸ್ ಮತ್ತೆ ಸಿಕ್ಕಿತು. ಗೌಸ್ ತಲೆ ಕೆಡಿಸಿಕೊಂಡಿದ್ದ ಪ್ರಶ್ನೆ ಇದು: ದೂರದರ್ಶಕದ ಅಳತೆಯಲ್ಲಿ ತಪ್ಪು ಇದ್ದೇ ಇರುತ್ತದೆ, ಗಾಳಿ ನಡುಗುತ್ತದೆ, ಕಣ್ಣು ಸೋಲುತ್ತದೆ, ಗಡಿಯಾರ ತುಸು ಹಿಂದೆ ಬೀಳುತ್ತದೆ. ಸಣ್ಣ ತಪ್ಪುಗಳು ಹೆಚ್ಚು, ದೊಡ್ಡವು ಅಪರೂಪ. ಹೆಚ್ಚಿಗೂ ಕಡಿಮೆಗೂ ಸಮಾನ ಅವಕಾಶ. 1809ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಈ ತಪ್ಪುಗಳಿಗೂ ಅದೇ ಗಂಟೆಯ ಗೆರೆ ಬಂತು. ಹಲವು ಸಣ್ಣ ಸಣ್ಣ ಕಾರಣಗಳು, ಒಂದಕ್ಕೊಂದು ಸಂಬಂಧವಿಲ್ಲದೆ, ನಾಣ್ಯಗಳಂತೆಯೇ ಕೂಡಿಕೊಂಡವು ನೋಡಿ.

ಗ್ರಹ ಬಿಟ್ಟು ಮನುಷ್ಯರ ಮೇಲೆ ಈ ಗೆರೆಯನ್ನು ಹಿಡಿದು ನೋಡಿದವನು ಬೆಲ್ಜಿಯಂನ ಕ್ವೆಟಲೆ. 5738 ಸ್ಕಾಟ್ಲೆಂಡ್ ಸೈನಿಕರ ಎದೆಯ ಸುತ್ತಳತೆಯ ಪಟ್ಟಿ ಅವನಿಗೆ ಸಿಕ್ಕಿತ್ತು. 33 ಅಂಗುಲದವರು ಮೂವರು. 36 ಅಂಗುಲದವರು 185. 40 ಅಂಗುಲದವರು 1079. ಅಲ್ಲಿಂದಾಚೆ ಇಳಿಕೆ, 44ಕ್ಕೆ 92, ಕೊನೆಗೆ 48 ಅಂಗುಲದ ಒಬ್ಬನೇ ಒಬ್ಬ. ಸೈನ್ಯದ ದರ್ಜಿಗೆ ಈ ಪಟ್ಟಿ ಸಿಕ್ಕಿದ್ದರೆ ಯಾವ ಅಳತೆಯ ಅಂಗಿ ಎಷ್ಟು ಹೊಲಿಯಬೇಕೆಂದು ಒಂದು ನೋಟಕ್ಕೆ ತಿಳಿಯುತ್ತಿತ್ತು. ಆದರೆ ಕ್ವೆಟಲೆ ಒಂದು ಹೆಜ್ಜೆ ಮುಂದೆ ಹೋದ. ಪ್ರಕೃತಿಯ ಗುರಿ ಸರಾಸರಿ ಮನುಷ್ಯ, ಉಳಿದವರೆಲ್ಲ ಗುರಿ ತಪ್ಪಿದವರು ಎಂಬಂತೆ ಅವನು ಯೋಚಿಸಿದ. ಇದನ್ನು ನಾನು ಒಪ್ಪುವುದಿಲ್ಲ. ಸೆರೆಸ್ ಇರುವುದು ಒಂದೇ ಜಾಗದಲ್ಲಿ, ಅದನ್ನು ಅಳೆದಾಗ ಸರಿ ತಪ್ಪು ಎಂಬುದಿದೆ. ಸೈನಿಕರು 5738 ಬೇರೆ ಬೇರೆ ಮನುಷ್ಯರು. 48 ಅಂಗುಲದವನ ಎದೆ ಅವನಿಗೆ ಸರಿಯಾದ ಅಳತೆಯೇ. ನಿಮ್ಮ ತರಗತಿಯಲ್ಲಿ ತೀರ ಕುಳ್ಳಗಿರುವ ಹುಡುಗನೂ ತೀರ ಎತ್ತರದ ಹುಡುಗಿಯೂ ಯಾರ ತಪ್ಪೂ ಅಲ್ಲ. ಎತ್ತರವನ್ನು ತೀರ್ಮಾನಿಸುವಲ್ಲಿ ಸಾವಿರಾರು ಜೀನ್ ವ್ಯತ್ಯಾಸಗಳು ಇಷ್ಟಿಷ್ಟೇ ಕೈ ಹಾಕುತ್ತವೆ, ಜೊತೆಗೆ ಚಿಕ್ಕಂದಿನ ಊಟ, ಕಾಯಿಲೆ, ಆರೈಕೆ. ಅಷ್ಟೊಂದು ಸಣ್ಣ ಕಾರಣಗಳು ಕೂಡಿಕೊಂಡರೆ ಗಂಟೆ ಮೂಡದೆ ಇದ್ದೀತೆ?

ಹಾಗೆಂದು ಎಲ್ಲದರಲ್ಲೂ ಗಂಟೆ ಹುಡುಕಬೇಡಿ. ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆಯನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಮೂರು ಮಿಲಿಮೀಟರ್‌ಗೂ ಕಡಿಮೆ. ಆದರೆ ಸರಿಯಾಗಿ ಅಷ್ಟೇ ಮಳೆ ಬೀಳುವ ದಿನಗಳು ಎಷ್ಟಿವೆ? ಹೆಚ್ಚಿನ ದಿನ ಒಂದು ಹನಿಯೂ ಇಲ್ಲ, ಕೆಲವು ದಿನ ರಸ್ತೆಯೇ ಹೊಳೆ. ಸೊನ್ನೆಯ ಮೇಲೆ ದೊಡ್ಡ ರಾಶಿ, ಬಲಕ್ಕೆ ಉದ್ದನೆಯ ಬಾಲ: ಅದರ ಚಿತ್ರವೇ ಬೇರೆ. ಊರುಗಳ ಜನಸಂಖ್ಯೆ, ಜನರ ಆಸ್ತಿ ಕೂಡ ಹಾಗೆಯೇ. ಅಂಥ ಕಡೆ 68, 95ರ ಲೆಕ್ಕ ಹಿಡಿದರೆ ಮೋಸ ಹೋಗುತ್ತೀರಿ.

ನಿಮಗೊಂದು ಕೆಲಸ ಕೊಡುತ್ತೇನೆ. ಕಡಲೆಕಾಯಿ ಬೇಯಿಸುವ ಮೊದಲು ನೂರು ಕಾಯಿ ತೆಗೆದಿಡಿ. ಎರಡು ಬೀಜದ ಕಾಯಿಗಳನ್ನೇ ಆರಿಸಿಕೊಳ್ಳಿ. ಸ್ಕೇಲಿನಲ್ಲಿ ಒಂದೊಂದರ ಉದ್ದ ಅಳೆದು, ನಾಣ್ಯಗಳಿಗೆ ಮಾಡಿದಂತೆಯೇ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಪೇರಿಸಿ. ಸರಾಸರಿ ಕಂಡುಹಿಡಿಯಿರಿ, ಕೋಲಿನ ಉದ್ದವನ್ನೂ ಕಂಡುಹಿಡಿಯಿರಿ, ಒಂದು ಕೋಲಿನೊಳಗೆ ಎಷ್ಟು ಕಾಯಿ ಬಂದವು ಎಣಿಸಿ. ಆಮೇಲೆ ಒಂದೇ ಬೀಜದ ಪುಟ್ಟ ಕಾಯಿಗಳನ್ನೂ ಐವತ್ತರಷ್ಟು ಅಳೆದು ಅದೇ ಹಾಳೆಗೆ ಸೇರಿಸಿ. ಎಡಗಡೆ ಇನ್ನೊಂದು ಸಣ್ಣ ಗುಡ್ಡ ಎದ್ದರೆ, ಎರಡು ಗುಂಪುಗಳು ಬೆರೆತಿವೆ ಎಂದು ಅರ್ಥ. ಆಗ ಎರಡಕ್ಕೂ ಸೇರಿಸಿ ಒಂದೇ ಸರಾಸರಿ ಬರೆಯಬೇಡಿ. ಬೇರೆ ಬೇರೆ ಬಣ್ಣದ ಪೆನ್ಸಿಲ್ಲಿನಲ್ಲಿ ಬೇರೆ ಬೇರೆ ಲೆಕ್ಕ ಬರೆಯಿರಿ.