ಹಣೆಬರಹವಲ್ಲ, ಜಾರಿದ ಬೆಲ್ಟು

 

ನನಗೆ ಭಾಷಣ ಬರುವುದಿಲ್ಲ. ಕೊಟ್ಟೂರು ಸೀಮೆಯಲ್ಲಿ ಮೂವತ್ತು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದೇನೆ. ‘ನಿಮ್ಮ ಕಾಯಕದ ಬಗ್ಗೆಯೇ ಮಾತಾಡಿ’ ಎಂದು ಪೂಜ್ಯರ ಅಪ್ಪಣೆಯಾಯಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದವರಲ್ಲಿ ಗಿರಣಿಯವರಿದ್ದೀರಿ, ಶೇಂಗಾ ಸುಲಿಯುವ, ಮೆಕ್ಕೆಜೋಳ ಬಿಡಿಸುವ ಯಂತ್ರ ಇಟ್ಟವರಿದ್ದೀರಿ. ಬೆಲ್ಟು ಜಾರುವ ಕಾಟ ನಮಗೆಲ್ಲ ಒಂದೇ.

ಜಾರಿದ ಕೂಡಲೇ ನಾವು ರಾಳದ ಪುಡಿ ಉದುರಿಸುತ್ತೇವೆ. ಆ ಗಳಿಗೆಗೆ ಹಿಡಿಯುತ್ತದೆ. ಆಮೇಲೆ ರಾಳಕ್ಕೆ ಹಿಟ್ಟಿನ ಧೂಳು ಮೆತ್ತಿ ಮತ್ತೆ ಜಾರುತ್ತದೆ. ಕಾರಣ ಹುಡುಕುವುದಿಲ್ಲ.

ಒಂದು ವರ್ಷ ತೇರಿನ ಮುನ್ನಾದಿನ ಗಿರಣಿ ತುಂಬ ಜನ. ಬೇಗ ಮುಗಿಯಲೆಂದು ಕಾಳು ಬೀಳುವ ಬಾಯಿಯನ್ನು ಪೂರಾ ತೆರೆದೆ. ಕಲ್ಲು ಬಿಗಿಯಿತು, ಬೆಲ್ಟು ಜಾರಿತು, ಸುಟ್ಟ ರಬ್ಬರಿನ ವಾಸನೆ ಬಂತು. ಮೋಟಾರ್ ನಿಲ್ಲಿಸದೆ, ‘ರಾಳ ಹಾಕೋ ತಮ್ಮಾ’ ಎಂದು ಕೆಲಸದ ಹುಡುಗನಿಗೆ ಹೇಳಿದೆ. ಹೆಗಲ ಮೇಲಿನ ಟವೆಲ್ಲು ಬೆಲ್ಟಿಗೆ ಸಿಕ್ಕಿತು. ಅದನ್ನು ಹಿಡಿಯಲು ಹೋದವನ ಎರಡು ಬೆರಳು ಹೋದವು.

‘ಅವನ ಹಣೆಬರಹ’ ಎಂದರು ಜನ. ನಾನೂ ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದು ಇವತ್ತಿಗೂ ಚುಚ್ಚುತ್ತದೆ. ಅದು ಅವನ ಹಣೆಬರಹವಲ್ಲ, ನನ್ನ ಅವಸರ. ಆಯ್ದಕ್ಕಿ ಲಕ್ಕಮ್ಮ ತಾಯಿ, ಗಂಡ ಮಾರಯ್ಯ ಹೆಚ್ಚು ತಂದ ಅಕ್ಕಿಯನ್ನು ವಾಪಸು ಸುರಿದು ಬರಲು ಕಳಿಸಿದವರು. ನಾನೋ ಇನ್ನೊಂದು ಚೀಲದ ಆಸೆಗೆ ಬಿದ್ದೆ.

ಆಮೇಲೆ ಕಲಿತದ್ದನ್ನು ಹೇಳುತ್ತೇನೆ. ಮೊದಲು ಮೋಟಾರ್ ನಿಲ್ಲಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಎರಡೂ ಪುಲ್ಲಿಗಳ ಮುಖಕ್ಕೆ ಒಂದು ದಾರ ಎಳೆದು ಹಿಡಿಯಿರಿ. ಮುಖಗಳ ದಪ್ಪ ಸಮನಾಗಿದ್ದರೆ ದಾರ ನಾಲ್ಕೂ ಅಂಚಿಗೆ ತಾಗಬೇಕು. ತಾಗದಿದ್ದರೆ ಪುಲ್ಲಿ ಓರೆಯಾಗಿದೆ. ಎಣ್ಣೆ, ಹಿಟ್ಟು ಒರೆಸಿ. ವಿ-ಬೆಲ್ಟು ಹಿಡಿಯುವುದು ಪಕ್ಕಗಳಿಂದ. ಸವೆದು ಗಾಡಿಯ ತಳಕ್ಕೆ ಕೂತಿದ್ದರೆ ಎಷ್ಟು ಬಿಗಿದರೂ ಜಾರುತ್ತದೆ. ಜೋಡಿ ಬೆಲ್ಟುಗಳಲ್ಲಿ ಒಂದು ಸವೆದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಪುಲ್ಲಿಗಳ ನಡುವೆ ಒಂದು ಮೀಟರ್ ಬೆಲ್ಟಿದ್ದರೆ, ನಡುವೆ ಹೆಬ್ಬೆರಳಿಂದ ಒತ್ತಿದಾಗ ಸುಮಾರು 16 ಮಿ.ಮೀ. ತಗ್ಗಬೇಕು. ಅದಕ್ಕಿಂತ ಬಿಗಿದರೆ ಬೇರಿಂಗ್ ಹೋಗುತ್ತದೆ. ಹೊಸ ಬೆಲ್ಟು ಒಂದು ದಿನ ಓಡಿದ ಮೇಲೆ ಸಡಿಲಾಗುತ್ತದೆ, ಮತ್ತೆ ನೋಡಿ. ಕೊನೆಗೆ, ಬೆಲ್ಟಿಗೆ ಜಾಲರಿ ಕಟ್ಟದೆ ಗಿರಣಿ ಚಾಲೂ ಮಾಡಬೇಡಿ.

ಆ ಹುಡುಗ ಈಗ ನನ್ನ ಗಿರಣಿಯ ಪಾಲುದಾರ. ಜನ ಎಷ್ಟೇ ಇರಲಿ, ಬೆಲ್ಟು ಜಾರಿದರೆ ಅವನೇ ಸ್ವಿಚ್ ಆರಿಸುತ್ತಾನೆ. ‘ಸ್ವಲ್ಪ ತಡೀರಿ ಅಕ್ಕಾ’ ಎನ್ನುತ್ತಾನೆ. ಯಾರೂ ಬೇಸರ ಮಾಡಿಕೊಂಡಿಲ್ಲ. ಅವತ್ತು ನಾನು ಕೇಳಿದ್ದರೂ ತಡೆಯುತ್ತಿದ್ದರು.

ಕಾಯಕವೆಂದರೆ ನಮ್ಮ ಕೈ ದುಡಿಯುವುದಷ್ಟೇ ಅಲ್ಲ. ನಮ್ಮ ಜೊತೆ ದುಡಿಯುವ ಕೈಯನ್ನು ಕಾಯುವುದೂ ಹೌದು. ಇಂದು ಮನೆಗೆ ಹೋದವರು ಒಮ್ಮೆ ನಿಮ್ಮ ಬೆಲ್ಟಿನ ಜಾಲರಿ ನೋಡಿ.